ಏರಿಯ ಏಳು ಮಾರು

ಹೊಸಕೆರೆಪಾಳ್ಯ,
ಸಾದಲಿ ಅಂಚೆ, ಶಿಡ್ಲಘಟ್ಟ ತಾಲ್ಲೂಕು
೨೩ ನವೆಂಬರ್ ೧೯೫೮, ಭಾನುವಾರ

ಪ್ರೀತಿಯ ತಮ್ಮ ಮುನಿಶಾಮಪ್ಪನಿಗೆ,

"ಈ ಸಲ ನಿನ್ನನ್ನು ಅಕ್ಕ ಎಂದು ಕೇಳುತ್ತಿಲ್ಲ, ತೀರ್ಪು ಹೇಳುವವಳು ಎಂದು ಕೇಳುತ್ತಿದ್ದೇನೆ" ಎಂದು ಬರೆದಿದ್ದೀಯ. ಹಾಗಾದರೆ ಹೇಳುವವಳು ಯಾರು ಎನ್ನುವುದು ಮೊದಲು ಕಾಗದದ ಮೇಲೆ ಇರಲಿ. ನಾನು ಶ್ಯಾಮಲಮ್ಮ, ಹೊಸಕೆರೆಪಾಳ್ಯದ ಪಟೇಲರ ಮನೆಯ ಹಿರಿಯ ಸೊಸೆ, ಹತ್ತೊಂಬತ್ತು ವರ್ಷದಿಂದ ಆ ಮನೆಯ ಯಜಮಾನಿ. ಚಿಕ್ಕಬಳ್ಳಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದವಳು. ನಮ್ಮಮ್ಮ ನಿನ್ನನ್ನು ಹೆತ್ತು ಹನ್ನೊಂದನೆಯ ದಿನ ತೀರಿಕೊಂಡಾಗ ಪುಸ್ತಕ ಕಟ್ಟಿಟ್ಟು ಬಂದು ನಿನ್ನನ್ನು ಎತ್ತಿಕೊಂಡವಳು. ಮದುವೆಯಾಗಿ ಈ ಮನೆಗೆ ಬರುವಾಗ ಒಂದು ಕಡೆ ನಿನ್ನನ್ನೂ ಇನ್ನೊಂದು ಕಡೆ ತಂಗಿ ಕದಿರಮ್ಮನನ್ನೂ ಕರೆದುಕೊಂಡು ಬಂದವಳು. ಈ ಊರಿನಲ್ಲಿ ಹೊಲದ ಬದುವಿಗೆ, ಮದುವೆ ಮಾತಿಗೆ, ಕೆರೆ ನೀರಿಗೆ ಯಾವುದಕ್ಕೆ ತಕರಾರಾದರೂ ಗಂಡಸರು ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಾರೆ. ನಾನು ಬಾಗಿಲೊಳಗೆ ನಿಂತು ಹೇಳಿದ್ದು ನಡೆಯುತ್ತದೆ. ಇದನ್ನು ಜಂಬಕ್ಕೆ ಬರೆಯಲಿಲ್ಲ. ಜಂಬವೂ ಸ್ವಲ್ಪ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಮುಂದೆ ಹೇಳುವುದು ಬಾಯಿಗೆ ಬಂದ ಮಾತಲ್ಲ, ಅಧಿಕಾರ ಇಟ್ಟುಕೊಂಡು ತಪ್ಪು ಮಾಡಿದವಳ ಮಾತು ಎಂದು ನಿನಗೆ ಗೊತ್ತಾಗಬೇಕು.

ನಿನ್ನ ಹೊಟ್ಟೆ ಈಗ ಹೇಗಿದೆ? ಆ ದೇಶದ ಅಕ್ಕಿ ಅಂಟು ಅಂಟು, ಎರಡು ತುತ್ತಿಗೆ ಸಾಕಾಗುತ್ತದೆ ಎಂದು ಬರೆದಿದ್ದೆ. ಹೋದ ಜೂನ್‌ನಲ್ಲಿ ಕಳಿಸಿದ ರಾಗಿ ಹುರಿಹಿಟ್ಟು ತಲುಪಿತೋ, ಅಥವಾ ಅದನ್ನೂ ಬಂದೂಕಿನ ಮದ್ದು ಎಂದುಕೊಂಡು ಅಲ್ಲಿಯ ಸಿಪಾಯಿಗಳು ಬಿಚ್ಚಿ ಚೆಲ್ಲಿದರೋ? ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿ ಕುಡಿ. ಮಜ್ಜಿಗೆ ಸಿಗದಿದ್ದರೆ ಬಿಸಿನೀರಿನಲ್ಲಾದರೂ ಕುಡಿ. ನಲವತ್ತೈದು ದಾಟಿದ ಮೇಲೆ ಕಾಫಿಯೊಂದನ್ನೇ ನೆಚ್ಚಿಕೊಂಡು ಕೆಲಸ ಮಾಡಿದರೆ ನಡೆಯುವುದಿಲ್ಲ. ಅಡುಗೆಯವನು ಒಳ್ಳೆಯವನು ಎಂದಿದ್ದೀಯ, ಅವನ ಕೈಯಲ್ಲಿ ಒಂದು ತಿಳಿಸಾರು ಮಾಡಿಸಲಾರೆಯಾ? ಹುಣಸೆಹಣ್ಣು ಅಲ್ಲಿಯೂ ಬೆಳೆಯುತ್ತದಂತೆ. ಆ ದೇಶದ ಹೆಸರನ್ನು ಕಾಗದದ ಒಳಗೆ ಬರೆಯಬೇಡ, ಅಲ್ಲಿ ಟಪಾಲು ಬಿಚ್ಚಿ ಓದುತ್ತಾರೆ ಎಂದಿದ್ದೀಯಲ್ಲ, ಬರೆದಿಲ್ಲ. ಕನ್ನಡ ಓದಬಲ್ಲ ಬೇಹುಗಾರ ಅಲ್ಲಿ ಯಾರಿದ್ದಾನೋ ನನಗೆ ಗೊತ್ತಿಲ್ಲ. ಇದ್ದರೆ ಅವನಿಗೂ ನನ್ನ ಆಶೀರ್ವಾದ, ಅವನೂ ಯಾವುದೋ ತಾಯಿಯ ಮಗ.

ಇಲ್ಲಿ ಎಲ್ಲರೂ ಕ್ಷೇಮ. ರಾಗಿ ಕೊಯ್ಲು ಮುಗಿದು ಬಣವೆ ಹಾಕಿದ್ದಾಯಿತು. ನಿನ್ನ ಸೋದರಳಿಯ ಗಂಗುಲಪ್ಪ ಹಿಪ್ಪುನೇರಳೆ ಇನ್ನೊಂದು ಎಕರೆ ಹಾಕಿದ್ದಾನೆ. ನನ್ನ ಸೊಸೆ ಅಶ್ವತ್ಥಮ್ಮ ಈ ಸಲದ ರೇಷ್ಮೆ ಹುಳುವನ್ನು ನನ್ನ ಕೈಗೆ ಕೊಡದೆ ತಾನೇ ಸಾಕಿದಳು. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದ ಮೇಲೆ ಸೊಪ್ಪಿಗೆ ಪರದಾಡಿದಳು, ಆದರೂ ಗೂಡು ಗಟ್ಟಿ ಬಂದಿದೆ. ಶಿಡ್ಲಘಟ್ಟದ ಸಾಬರು ಬಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಅಮ್ಮಾ, ಇದು ನಿಮ್ಮ ಕೈನ ಹುಳ ಅಲ್ಲ, ಇನ್ನೂ ಚೆಂದ ಐತೆ" ಎಂದರು. ನನಗೆ ಸಂತೋಷವೂ ಆಯಿತು, ಅವರಿಗೆ ಕಾಫಿ ಕೊಡಬಾರದು ಎಂದೂ ಅನ್ನಿಸಿತು. ಕೊಟ್ಟೆ. ಮನೆ ತುಂಬ ಜನ ಇದ್ದಾರೆ, ಹಸು ಕರು ಇವೆ, ತೊಟ್ಟಿಲಿನಲ್ಲಿ ಮೊಮ್ಮಗಳು ಇದ್ದಾಳೆ. ಎಲ್ಲರೂ ನನ್ನನ್ನು ಅಮ್ಮ, ಅತ್ತೆ, ಅಜ್ಜಿ, ಯಜಮಾನ್ರು ಎಂದು ಕರೆಯುತ್ತಾರೆ. ಅಕ್ಕ ಎಂದು ಕರೆಯುವವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬ ಸಮುದ್ರದ ಆಚೆ. ಒಬ್ಬಳು ಬೀದಿಯ ಆಚೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೋ ಇಲ್ಲವೋ ನೋಡಿಕೋ. ಆ ದೇಶದಲ್ಲಿ ಅಣ್ಣತಮ್ಮಂದಿರೇ ಎರಡು ಪಕ್ಷವಾಗಿ ಆರು ವರ್ಷ ಹೊಡೆದಾಡಿದರು. ಒಂದು ಪಕ್ಷ ಗೆದ್ದಿತು. ಈಗ ರಾಜನೂ ಬೇಡ, ದಂಡನಾಯಕನೂ ಬೇಡ, ಜನವೇ ಆರಿಸಿದವರು ಆಳಲಿ ಎಂದು ಸಂವಿಧಾನ ಬರೆಯಲು ಕೂತಿದ್ದಾರೆ. ಬರೆದುಕೊಡಲು ಹೊರಗಿನವನು, ಯಾರ ಕಡೆಯವನೂ ಅಲ್ಲದವನು ಬೇಕೆಂದು ನಮ್ಮ ಸರ್ಕಾರವನ್ನು ಕೇಳಿ ನಿನ್ನನ್ನು ಕರೆಸಿಕೊಂಡರು. ಎರಡು ವರ್ಷದಲ್ಲಿ ನೀನು ನೂರಾ ನಲವತ್ತು ವಿಧಿ ಬರೆದಿದ್ದೀಯ, ಎಲ್ಲವನ್ನೂ ಒಪ್ಪಿದ್ದಾರೆ. ಈಗ ಕೊನೆಗೆ ಇನ್ನೊಂದು ಸೇರಿಸು ಎನ್ನುತ್ತಿದ್ದಾರೆ: ಸೋತ ಪಕ್ಷದಲ್ಲಿ ಇದ್ದವರಿಗೂ ಅವರ ಹೆಂಡತಿ ಮಕ್ಕಳಿಗೂ ಹದಿನೈದು ವರ್ಷ ಓಟು ಇಲ್ಲ, ಸರ್ಕಾರಿ ಕೆಲಸ ಇಲ್ಲ, ಸಭೆಯಲ್ಲಿ ಕೂರುವ ಹಾಗಿಲ್ಲ. ಇದು ಇಲ್ಲದಿದ್ದರೆ ನಮ್ಮ ಹುಡುಗರು ಬಂದೂಕು ಕೆಳಗಿಡುವುದಿಲ್ಲ ಎಂದು ಅಧ್ಯಕ್ಷರು ಹೇಳುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಅದು ಸಭೆಯ ಮುಂದೆ ಹೋಗಬೇಕು. ಬರೆದುಕೊಟ್ಟು ಉಳಿಯಲೇ, ಬರೆಯದೆ ರಾಜೀನಾಮೆ ಕೊಟ್ಟು ಊರಿಗೆ ಬರಲೇ ಎಂದು ಕೇಳಿದ್ದೀಯ. ಕೇಳಿದ್ದು ಸರಿ. ಆದರೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೀಯ. "ಹೊರಗಿಟ್ಟರೂ ಶಾಂತಿ ಬರುತ್ತದೆ ಎನ್ನುವುದಕ್ಕೆ ನಮ್ಮ ಊರೇ ಇದೆಯಲ್ಲ ಅಕ್ಕಾ, ಆ ಕರಾರು ಆದ ಮೇಲೆ ಒಂದು ದೊಣ್ಣೆಯೂ ಎದ್ದಿಲ್ಲ." ಈ ಸಾಲು ಓದಿದ ದಿನ ನಾನು ಊಟ ಮಾಡಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ನಿನಗೆ ಅದರಲ್ಲಿ ಅರ್ಧ ಮಾತ್ರ ಗೊತ್ತು. ಮೂವತ್ತೊಂಬತ್ತರಲ್ಲಿ ಮಳೆ ಕೈಕೊಟ್ಟಿತ್ತು, ಕೆರೆಯಲ್ಲಿ ಮೊಣಕಾಲುದ್ದ ನೀರು. ಮೊದಲ ನೀರು ಯಾರ ಗದ್ದೆಗೆ ಎಂದು ತೂಬಿನ ಹತ್ತಿರ ನಮ್ಮ ಮನೆಗೂ ದಾಯಾದಿಗಳ ಮನೆಗೂ ಮಾತಿಗೆ ಮಾತು ಬೆಳೆಯಿತು. ಆ ದಾಯಾದಿ ನರಸಿಂಹಪ್ಪನಿಗೇ ನಾನು ಕದಿರಮ್ಮನನ್ನು ಕೊಟ್ಟಿದ್ದೆ, ತಂಗಿ ಎದುರು ಮನೆಯಲ್ಲೇ ಇರಲಿ ಎಂದು. ಹಗಲು ಹೊತ್ತಿನಲ್ಲಿ ಊರೆಲ್ಲ ನೋಡುತ್ತಿದ್ದಂತೆ ದೊಣ್ಣೆ ಎದ್ದವು. ಅವರ ಕಡೆಯ ಒಬ್ಬ ಆಳು ಅಲ್ಲೇ ಸತ್ತ. ನಮ್ಮ ಯಜಮಾನರು, ನಿನ್ನ ದೊಡ್ಡ ಭಾವನವರು, ತಲೆಗೆ ಪೆಟ್ಟು ಬಿದ್ದು ಮೂರನೆಯ ದಿನ ಹೋದರು. ಯಾರ ದೊಣ್ಣೆ ಯಾರಿಗೆ ಬಿತ್ತು ಎನ್ನುವುದಕ್ಕೆ ಸಾಕ್ಷಿ ಸಾಲದೆಂದು ಕೋರ್ಟು ಎಲ್ಲರನ್ನೂ ಬಿಟ್ಟುಬಿಟ್ಟಿತು. ನಮ್ಮ ಕಡೆಯ ಹುಡುಗರು ಮಚ್ಚು ಮಸೆಯುತ್ತಿದ್ದರು. ನೀನು ಆಗ ಪುಣೆಯಲ್ಲಿ ಲಾ ಮುಗಿಸಿ ಬಂದು ತಿಂಗಳಾಗಿತ್ತು. ಇನ್ನೊಂದು ಹೆಣ ಬೀಳಬಾರದು ಎಂದು ನೀನೇ ಊರಿನವರನ್ನು ಕೂರಿಸಿ, ಬುದ್ಧಿ ಹೇಳಿ, ನಿನ್ನ ಅಂದವಾದ ಅಕ್ಷರದಲ್ಲಿ ಕರಾರು ಬರೆದೆ. ನರಸಿಂಹಪ್ಪನ ಮನೆಗೆ ಬೆಂಕಿ ಇಲ್ಲ, ನೀರಿಲ್ಲ, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳು ಇಲ್ಲ, ಅಗಸ ಕ್ಷೌರಿಕ ಹೋಗುವ ಹಾಗಿಲ್ಲ, ಏರಿ ಕೆಲಸಕ್ಕೆ, ಕೆರೆಯ ಮಾತಿಗೆ ಅವರನ್ನು ಕರೆಯುವ ಹಾಗಿಲ್ಲ. ಮುರಿದವರಿಗೂ ಅದೇ ಗತಿ. ಐದು ವರ್ಷದ ಮಟ್ಟಿಗೆ. ಮೊದಲ ರುಜು ನನ್ನದು. ಗಂಡಸರೆಲ್ಲ ಹೆಬ್ಬೆಟ್ಟು ಒತ್ತಿದರು, ನಾನು ಹೈಸ್ಕೂಲು ಓದಿದವಳಲ್ಲವೇ, ಬರೆದು ರುಜು ಹಾಕಿದೆ.

ಐದು ವರ್ಷ ತುಂಬಿದಾಗ ಏನಾಯಿತು ಎನ್ನುವುದು ನಿನಗೆ ಗೊತ್ತಿಲ್ಲದ ಅರ್ಧ. ನೀನು ಆಗ ಬೆಂಗಳೂರಿನಲ್ಲಿ ಕೋರ್ಟು ಕಚೇರಿ ಎಂದು ಓಡಾಡುತ್ತಿದ್ದೆ. ಕದಿರಮ್ಮ ದಿನ ಎಣಿಸಿಕೊಂಡು ಕೂತಿದ್ದಳೆಂದು ಕಾಣುತ್ತದೆ. ಸರಿಯಾಗಿ ಆ ದಿನಕ್ಕೆ ಅವಳ ಮನೆಯ ಕೆಲಸದ ಗಂಗುಲಮ್ಮನ ಕೈಯಲ್ಲಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಎರಡು ತೆಂಗಿನಕಾಯಿ ಇಟ್ಟು ಕಳಿಸಿದಳು. ಗಂಗುಲಮ್ಮ ಹೊಸಲಿನಿಂದ ನಾಲ್ಕು ಮಾರು ದೂರದಲ್ಲೇ ನಿಂತು, "ಐದು ವರ್ಷ ಮುಗೀತಂತೆ ಅಮ್ಮಾ, ನಮ್ಮಮ್ಮಾರು ಕಳ್ಸವ್ರೆ" ಎಂದಳು. ನಾನು ಹೇಳಿದೆ: "ಸತ್ತೋರು ಐದು ವರ್ಷಕ್ಕೆ ಎದ್ದು ಬರ್ತಾರಾ ಅಂತ ಕೇಳು ಹೋಗು." ಅವಳು ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ವಾಪಸ್ಸು ಹೋದಳು. ಬೀದಿ ದಾಟುವಷ್ಟು ಹೊತ್ತು ಎಲ್ಲರೂ ನೋಡುತ್ತಿದ್ದರು. ಆ ಮೇಲೆ ಯಾರೂ ಕರಾರಿನ ಅವಧಿಯ ಮಾತೆತ್ತಲಿಲ್ಲ. ನಮ್ಮ ಹುಡುಗರಿಗೆ ಅದು ಅಭ್ಯಾಸವಾಗಿತ್ತು. ಆಮೇಲೆ ಹುಟ್ಟಿದ ಮಕ್ಕಳಿಗೆ ಅದು ಯಾಕೆ ಎಂದೂ ಗೊತ್ತಿರಲಿಲ್ಲ, ಆ ಮನೆಯ ಕಡೆ ಹೋಗಬಾರದು ಎನ್ನುವುದಷ್ಟೇ ಗೊತ್ತು, ಹಾವಿನ ಹುತ್ತದ ಕಡೆ ಹೋಗಬಾರದು ಎನ್ನುವಂತೆ. ಹೀಗೆ ಐದು ವರ್ಷದ್ದು ಹತ್ತಾಯಿತು, ಹತ್ತೊಂಬತ್ತಾಯಿತು. ನೀನು ಬರೆದ ಕಾಗದದಲ್ಲಿ ಹೇಗೆ ಶುರುವಾಗಬೇಕು ಎಂದು ಹನ್ನೆರಡು ಸಾಲು ಇತ್ತು. ಮುಗಿದ ದಿನ ಯಾರು ಎದ್ದು ನಿಂತು ಮುಗಿಯಿತು ಎನ್ನಬೇಕು ಎಂದು ಒಂದು ಸಾಲೂ ಇರಲಿಲ್ಲ. ನಿನ್ನ ತಪ್ಪು ಎನ್ನುತ್ತಿಲ್ಲ, ನಿನಗೆ ಇಪ್ಪತ್ತಾರು ವರ್ಷ. ಆದರೆ ಈಗ ನಲವತ್ತೈದು.

ನೀನು ಚಿಂತಾಮಣಿಯ ತರಕಾರಿ ಮಂಡಿಯ ಹಿಂದೆ ಕದಿರಮ್ಮನನ್ನು ಕದ್ದು ನೋಡುತ್ತಿದ್ದೆ ಎನ್ನುವುದು ನನಗೆ ಮೊದಲಿನಿಂದ ಗೊತ್ತು. ಬಸ್ಸಿನವರು ಹೇಳದೆ ಇರುತ್ತಾರೆಯೇ? ಒಂದು ಸಲ ಅವಳಿಗೆ ಕನ್ನಡಕ ಕೊಡಿಸಿದೆಯಂತೆ. ನನ್ನ ಹತ್ತಿರ ಬಂದು ಗೌರಿಬಿದನೂರಿನಲ್ಲಿ ಕೇಸಿತ್ತು ಎಂದು ಸುಳ್ಳು ಹೇಳಿದೆ. ನಾನು ಕೇಳಲಿಲ್ಲ. ಕರಾರು ಬರೆದವನೇ ಅದನ್ನು ಮೊದಲು ಮುರಿದ. ರುಜು ಹಾಕಿದವಳು ಅದನ್ನು ಕಂಡೂ ಕಾಣದಂತೆ ಇದ್ದಳು. ಅಂಥ ಕರಾರನ್ನು ನೀನು ಅಲ್ಲಿಯ ದೊಡ್ಡ ಮನುಷ್ಯರಿಗೆ ದೃಷ್ಟಾಂತ ಕೊಡಲು ಹೊರಟಿದ್ದೀಯ.

ದೊಣ್ಣೆ ಏಳಲಿಲ್ಲ, ನಿಜ. ಏರಿಯ ಕತೆ ಹೇಳುತ್ತೇನೆ ಕೇಳು. ನಮ್ಮ ಕೆರೆಯ ಏರಿಯಲ್ಲಿ ಮನೆಗಿಷ್ಟು ಮಾರು ಎಂದು ಪಾಲು ಇರುವುದು ನಿನಗೆ ಗೊತ್ತು. ಬೇಸಿಗೆಯಲ್ಲಿ ಪ್ರತಿ ಮನೆಯವರು ತಮ್ಮ ಪಾಲಿನ ಏರಿಗೆ ಮಣ್ಣು ಹಾಕಿ, ಕಲ್ಲು ಕೂರಿಸಿ, ಜಾಲಿ ಗಿಡ ಕಿತ್ತು ಗಟ್ಟಿ ಮಾಡಬೇಕು. ನರಸಿಂಹಪ್ಪನ ಮನೆಯ ಪಾಲು ಏಳು ಮಾರು, ತೂಬಿನ ಬಲಗಡೆ. ಅವರನ್ನು ಏರಿ ಕೆಲಸಕ್ಕೆ ಕರೆಯುವ ಹಾಗಿರಲಿಲ್ಲ. ಅವರ ಪಾಲನ್ನು ಬೇರೆಯವರು ಮಾಡಲು ಒಪ್ಪಲಿಲ್ಲ, ಅವರ ಏರಿಯನ್ನು ನಾವು ಯಾಕೆ ಹೊರಬೇಕು ಎಂದರು. ಆ ಏಳು ಮಾರಿನಲ್ಲಿ ಹದಿನೇಳು ವರ್ಷ ಯಾರೂ ಒಂದು ಪುಟ್ಟಿ ಮಣ್ಣು ಹಾಕಲಿಲ್ಲ. ನಾನು ಯಜಮಾನಿ, ನಾನೂ ಹಾಕಿಸಲಿಲ್ಲ. ಎರಡು ವರ್ಷದ ಹಿಂದೆ ಹಿಂಗಾರಿನಲ್ಲಿ ಕೆರೆ ಒಡೆಯಿತು ಎಂದು ನಿನಗೆ ಬರೆದಿದ್ದೆ. ಎಲ್ಲಿ ಒಡೆಯಿತು ಎಂದು ಬರೆದಿರಲಿಲ್ಲ. ಅಲ್ಲಿಯೇ. ನೀರು ಬಂದಾಗ ಅದು ನರಸಿಂಹಪ್ಪನ ಗದ್ದೆ ಯಾವುದು, ನಮ್ಮ ಗದ್ದೆ ಯಾವುದು ಎಂದು ಕೇಳಲಿಲ್ಲ. ಮೂವತ್ತು ಮನೆಯ ಭತ್ತ ಹೋಯಿತು. ನಮ್ಮದು ಎಲ್ಲರಿಗಿಂತ ಹೆಚ್ಚು. ಏರಿಯ ಮೇಲೆ ನಿಂತು ನೋಡಿದೆ. ಆಚೆ ಬದಿಯಲ್ಲಿ ಕದಿರಮ್ಮನೂ ನಿಂತಿದ್ದಳು, ಗಂಡ ಸತ್ತು ಆಗಲೇ ಐದು ವರ್ಷ. ನಡುವೆ ಕೆಂಪು ನೀರು ಹರಿಯುತ್ತಿತ್ತು. ಯಾರೂ ಅವಳನ್ನು ಬೈಯಲಿಲ್ಲ. ಅವಳೂ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ನೀನು ಬರೆಯಲಿರುವ ದೇಶವೂ ಒಂದು ಏರಿಯೇ ಅಲ್ಲವೇನೋ? ಅರ್ಧ ಜನರನ್ನು ಕೆಲಸಕ್ಕೆ ಕರೆಯದೆ ಇದ್ದರೆ ಅವರ ಪಾಲಿನ ಮಣ್ಣನ್ನು ಹಾಕುವವರು ಯಾರು?

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಐವತ್ತೆರಡರ ಜನವರಿಯಲ್ಲಿ ಮೊದಲ ಸಲ ಓಟು ಹಾಕಲು ಹೋದೆವಲ್ಲ, ಆಗಿನದು. ನಮ್ಮ ದೇಶದ ಸಂವಿಧಾನ ಬರೆದವರು ಯಾರು ಗೆದ್ದರು, ಯಾರು ಸೋತರು, ಯಾರಿಗೆ ಬೆಂಕಿ ನೀರು ಇಲ್ಲ ಎಂದು ನೋಡದೆ ಇಪ್ಪತ್ತೊಂದು ತುಂಬಿದವರೆಲ್ಲ ಬನ್ನಿ ಎಂದುಬಿಟ್ಟಿದ್ದರು. ಪಟ್ಟಿಯನ್ನು ಮನೆಯ ನಂಬರಿನಂತೆ ಮಾಡಿದ್ದರು. ಹನ್ನೊಂದು ನಮ್ಮ ಮನೆ, ಹನ್ನೆರಡು ಕದಿರಮ್ಮನದು. ಹೆಂಗಸರ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತಳು. ಹನ್ನೆರಡು ವರ್ಷದ ಮೇಲೆ ಅವಳ ಉಸಿರು ನನ್ನ ಬೆನ್ನಿಗೆ ಬಿತ್ತು. ಹೊಗೆಸೊಪ್ಪಿನ ವಾಸನೆ; ಆ ಚಟ ಯಾವಾಗ ಹಿಡಿದಳೋ. ತಿರುಗಿ ನೋಡಲಿಲ್ಲ. ಒಳಗೆ ಮೇಷ್ಟರು ಗಟ್ಟಿಯಾಗಿ "ಶ್ಯಾಮಲಮ್ಮ" ಎಂದರು, ಅದೇ ಗಂಟಲಿನಲ್ಲಿ "ಕದಿರಮ್ಮ" ಎಂದರು. ಅಷ್ಟು ಜನರ ಮುಂದೆ ಅವಳ ಹೆಸರನ್ನು ಒಬ್ಬರು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. ಬೆರಳಿಗೆ ಮಸಿ ಹಾಕಿಸಿಕೊಂಡು ಇಬ್ಬರೂ ಒಂದೇ ದಾರಿಯಲ್ಲಿ ಊರಿಗೆ ನಡೆದೆವು. ಈ ಸಲ ಅವಳು ಮುಂದೆ, ನಾನು ನೂರು ಹೆಜ್ಜೆ ಹಿಂದೆ. ಹುಣಸೆಮರದ ಹತ್ತಿರ ಅವಳು ನಡಿಗೆ ನಿಧಾನ ಮಾಡಿದಳು. ನಾನೂ ನಿಧಾನ ಮಾಡಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅವಳಿಗೆ ಕಾಲು ನೋವೇನೋ ಎಂದುಕೊಂಡೆ. ಕಾಲು ನೋವಲ್ಲ ಎಂದು ನನಗೆ ಗೊತ್ತಿತ್ತು.

ನಿನ್ನ ಕಚೇರಿಯ ಗೇಟಿನ ಹತ್ತಿರ ಸೋತವರ ಕಡೆಯ ಒಬ್ಬ ಹೆಂಗಸು ಪ್ರತಿದಿನ ಒಂದು ಕಾಗದ ಹಿಡಿದುಕೊಂಡು ಬಂದು ನಿಲ್ಲುತ್ತಾಳೆ, ಪಹರೆಯವರು ಓಡಿಸುತ್ತಾರೆ, ಮರುದಿನ ಮತ್ತೆ ಬರುತ್ತಾಳೆ ಎಂದು ತಮಾಷೆಯಂತೆ ಬರೆದಿದ್ದೀಯ. ಅವಳ ಕಾಗದದಲ್ಲಿ ಏನಿದೆ ಎಂದು ಒಂದು ದಿನವಾದರೂ ಇಳಿದು ಹೋಗಿ ಕೇಳಿದೆಯಾ? ಕೇಳು.

ಆದ್ದರಿಂದ ನನ್ನ ತೀರ್ಪು ಇದು. ಆ ವಿಧಿಯನ್ನು ನೀನು ಬರೆಯಬೇಡ. ಹದಿನೈದು ವರ್ಷ ಬೇಡ, ಐದು ಬೇಡ, ಒಂದೂ ಬೇಡ. ಕೊಲೆ ಮಾಡಿದವನು ಇದ್ದರೆ ಅವನ ಹೆಸರು ಹಿಡಿದು, ಸಾಕ್ಷಿ ತಂದು, ಅವನೊಬ್ಬನನ್ನು ಜೈಲಿಗೆ ಹಾಕಿರಿ; ಅವನ ಹೆಂಡತಿಯ ಬಾವಿಗೆ ಮುಳ್ಳು ಹಾಕಬೇಡಿ. ಹಾಗೆಂದು ರಾಜೀನಾಮೆ ಕೊಟ್ಟು ಓಡಿಬರುವುದೂ ಬೇಡ. ಇದನ್ನು ಬರೆಯುವಾಗ ನನ್ನ ಸ್ವಾರ್ಥವನ್ನೂ ಹೇಳಬೇಕು, ನ್ಯಾಯ ಹೇಳುವವರು ಮುಚ್ಚಿಡಬಾರದು ಎಂದು ನೀನೇ ಹೇಳುತ್ತಿದ್ದೆ. ನೀನು ಬಂದುಬಿಟ್ಟರೆ ನನಗೆ ಎಷ್ಟು ಹಿತ ಎಂದು ಅಳೆಯುವ ಮಾನ ನನ್ನ ಹತ್ತಿರ ಇಲ್ಲ. ಮಧ್ಯಾಹ್ನ ಎಲ್ಲರೂ ತೋಟಕ್ಕೆ ಹೋದ ಮೇಲೆ ಈ ಮನೆಯಲ್ಲಿ ಗೋಡೆ ಗಡಿಯಾರ ಒಂದೇ ಮಾತಾಡುತ್ತದೆ. ಕೆಲವು ದಿನ ಬಸ್ಸಿನ ಸದ್ದಿಗೆ ಜಗಲಿಗೆ ಹೋಗಿ, ರಾಗಿ ಒಣಗಿದೆಯೋ ನೋಡಲು ಬಂದವಳಂತೆ ಬಗ್ಗಿ ನೋಡಿ ಬರುತ್ತೇನೆ. ಅಷ್ಟಿದ್ದರೂ ಹೇಳುತ್ತೇನೆ, ನೀನು ಎದ್ದು ಬಂದರೆ ನಿನ್ನ ಕುರ್ಚಿಯಲ್ಲಿ ಇನ್ನೊಬ್ಬ ಕೂತು ಅದನ್ನು ಬರೆದುಕೊಡುತ್ತಾನೆ, ನಿನಗಿಂತ ಕೆಟ್ಟ ಅಕ್ಷರದಲ್ಲಿ. ಅಲ್ಲೇ ಕೂತು ಇಲ್ಲ ಎನ್ನು. ಅಧ್ಯಕ್ಷರು ರೇಗಿದರೆ ಸುಮ್ಮನಿರು, ಮರುದಿನ ಮತ್ತೆ ಇಲ್ಲ ಎನ್ನು. ನೀನು ಮೂರು ವರ್ಷದವನಿದ್ದಾಗ ಔಷಧ ಕುಡಿಯುವುದಿಲ್ಲ ಎಂದು ಇಡೀ ದಿನ ಬಾಯಿ ಮುಚ್ಚಿಕೊಂಡು ಕೂತಿದ್ದವನು, ನಿನಗೆ ಇದೇನು ದೊಡ್ಡದಲ್ಲ. ಬಂದೂಕು ಕೆಳಗಿಡದವರಿಗೆ ಏರಿಯ ಕತೆ ಹೇಳು. ಅವರೂ ಭತ್ತ ಬೆಳೆಯುವವರೇ ಎಂದು ಬರೆದಿದ್ದೀಯಲ್ಲ, ಅರ್ಥವಾಗುತ್ತದೆ.

ಆಯುಸ್ಸು, ಆರೋಗ್ಯ, ಗಟ್ಟಿ ಮನಸ್ಸು ಮೂರನ್ನೂ ಕೈವಾರದ ತಾತಯ್ಯ ನಿನಗೆ ಕೊಡಲಿ. ಮೂರರಲ್ಲಿ ಒಂದನ್ನೇ ಕೊಡುತ್ತೇನೆ ಎಂದರೆ ಕೊನೆಯದನ್ನು ಕೇಳಿಕೋ. ಗಂಗುಲಪ್ಪ, ಅಶ್ವತ್ಥಮ್ಮ ನಮಸ್ಕಾರ ತಿಳಿಸಿದ್ದಾರೆ. ಮೊಮ್ಮಗಳು ನಿನ್ನ ಪಟ ನೋಡಿ ಕೈ ಆಡಿಸುತ್ತಾಳೆ, ಕಂಡವರಿಗೆಲ್ಲ ಆಡಿಸುತ್ತಾಳೆ ಅನ್ನು.

ನಿನ್ನ ದೊಡ್ಡಕ್ಕ,
ಶ್ಯಾಮಲಮ್ಮ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಾಳೆಯ ಟಪಾಲಿಗೆ ಕೊಂಡೊಯ್ಯಲು ಟಪಾಲಿನ ಬಯ್ಯಪ್ಪ ಬಂದು ಜಗಲಿಯ ಮೇಲೆ ಕೂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಕಾಗದ ಬಂದು ಒಂದು ತಿಂಗಳಾದರೂ ನಾನು ಉತ್ತರ ಬರೆಯದೆ ಇದ್ದದ್ದು ಯಾಕೆಂದರೆ, ನಾನು ಮಾಡದೆ ಇರುವುದನ್ನು ನಿನಗೆ ಮಾಡು ಎಂದು ಹೇಗೆ ಬರೆಯಲಿ? ಗುರುವಾರ ಬೆಳಿಗ್ಗೆ ಅಶ್ವತ್ಥಮ್ಮ ಬಾವಿಯ ಹತ್ತಿರ ಕೇಳಿಕೊಂಡು ಬಂದಳು: ಎದುರು ಮನೆಯಲ್ಲಿ ಹುಳ ಹಣ್ಣಾಗಿದೆ, ಮಗಳು ಕೈವಾರದಿಂದ ಬರಬೇಕಾಗಿದ್ದವಳು ಬಂದಿಲ್ಲ, ಚಿಕ್ಕತ್ತೆ ಮತ್ತು ಗಂಗುಲಮ್ಮ ಇಬ್ಬರೇ ಇದ್ದಾರೆ ಎಂದು. ಹಣ್ಣಾದ ಹುಳ ಕಾಯುವುದಿಲ್ಲ, ನಿನಗೆ ಗೊತ್ತು. ಅದೇ ದಿನ ಆರಿಸಿ ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಕೊಂಡು ಎಲ್ಲ ಹಾಳು. ಬೇರೆಯವರ ಮನೆಯಾಗಿದ್ದರೆ ಹತ್ತು ಜನ ಮುಯ್ಯಾಳು ಓಡಿಹೋಗುತ್ತಿದ್ದರು. ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ, ನನ್ನ ರುಜು ಇದೆ.

ಕರಾರು ಮುರಿದು ಒಳಗೆ ಹೋಗುವುದು ನನ್ನ ಜಾಯಮಾನವಲ್ಲ, ತೆಗೆದುಹಾಕಿ ಹೋಗಬೇಕು. ತಳವಾರ ಮುನಿವೆಂಕಟಪ್ಪನನ್ನು ಕರೆಸಿ, ನರಸಿಂಹಪ್ಪನ ಮನೆಯ ಬಹಿಷ್ಕಾರದ ಕಟ್ಟು ಇವತ್ತಿನಿಂದ ತೆಗೆದಿದೆ ಎಂದು ಬೀದಿಬೀದಿಯಲ್ಲಿ ತಮಟೆ ಹೊಡೆದು ಸಾರು ಎಂದೆ. ಅವನು ತಲೆ ಕೆರೆದುಕೊಂಡು, "ಸಾರೋದೇನೋ ಸಾರ್ತೀನಿ ಅಮ್ಮಾರೇ, ಯಾರ್ ಹೇಳಿದ್ದು ಅಂದ್ರೆ?" ಎಂದ. "ಶ್ಯಾಮಲಮ್ಮ ಹೇಳಿದ್ಲು ಅನ್ನು. ಯಾಕೆ ಅಂತ ಕೇಳೋರು ಇದ್ರೆ ನಮ್ಮ ಜಗಲಿಗೆ ಬರ್ಲಿ." ಗಂಗುಲಪ್ಪ ಅಡ್ಡ ನಿಂತ. "ಅಮ್ಮಾ, ಅಪ್ಪನ್ನ ಹೊಡೆದ ಮನೆ ಅದು!" ಎಂದ. "ಹೊಡೆದದ್ದು ಮನೆ ಅಲ್ಲಪ್ಪ, ಯಾವನೋ ಒಬ್ಬ. ಅವನು ಯಾರು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದಾರಿ ಬಿಡು" ಎಂದೆ. ಬಿಟ್ಟ, ಆದರೆ ಇವತ್ತಿಗೂ ನನ್ನ ಜೊತೆ ಮಾತಾಡಿಲ್ಲ.

ನಾನು ಬೀದಿ ದಾಟಿ ಹೋಗುವಷ್ಟರಲ್ಲಿ ತಮಟೆ ಕೇಳಿ ಕದಿರಮ್ಮ ಬಾಗಿಲಿಗೆ ಬಂದಿದ್ದಳು. ಹುಳದ ಮನೆಗೆ ಹೊರಗಿನವರ ದೃಷ್ಟಿ ಬೀಳಬಾರದು ಎನ್ನುತ್ತಾರೆ, ಹಣ್ಣಾದ ದಿನ ಅಂತೂ ಸ್ವಂತ ಬಳಗವನ್ನೂ ನಿಲ್ಲಿಸಿಬಿಡುತ್ತಾರೆ. ಆ ಹುಳುವಿಗೆ ಏನಾದರೂ ಆಗಿದ್ದರೆ ಊರೆಲ್ಲ ನನ್ನ ಕಣ್ಣು ಬಿತ್ತು ಎನ್ನುತ್ತಿತ್ತು. ಅವಳಿಗೂ ಅದು ಗೊತ್ತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ತಲೆ ಹಣ್ಣಾಗೋವರ್ಗೂ ಕಾದ್ಯಲ್ಲಕ್ಕಾ" ಎಂದಳು. ನಾನು "ಹುಳ ಎಲ್ಲಿ ತೋರ್ಸು" ಎಂದೆ. ಅವಳು ಒಳಗೆ ಹೋದಳು. ಆಮೇಲೆ ಒಂದು ಚೆಂಬು ನೀರು ತಂದು ಕಟ್ಟೆಯ ಮೇಲೆ ಇಟ್ಟು, ನಮ್ಮ ಅಜ್ಜಿಯ ತೆಲುಗಿನಲ್ಲಿ "ಕಾಳ್ಳು ಕಡುಕ್ಕೊನಿ ಲೋಪಲಿಕಿ ರಾ" ಎಂದಳು. ಕಾಲು ತೊಳೆದುಕೊಂಡು ಒಳಗೆ ಹೋದೆ. ಹದಿನೆಂಟು ಚಂದ್ರಿಕೆ ತುಂಬುವವರೆಗೆ, ದೀಪ ಹಚ್ಚುವ ಹೊತ್ತಿನವರೆಗೆ ಆರಿಸಿದೆವು. ಮಾತು ಹುಳುವಿನದೇ. ಸತ್ತವರ ಹೆಸರು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಟ್ಟೆ ವಾಪಸ್ಸು ಕಳಿಸಿದ್ದು ತಪ್ಪಾಯಿತು ಎಂದು ಹೇಳಬೇಕೆಂದು ಹೋಗಿದ್ದೆ, ಬಾಯಿ ಬರಲಿಲ್ಲ. ಹೊರಡುವಾಗ ಅವಳು ಬಾಗಿಲವರೆಗೂ ಬರಲಿಲ್ಲ.

ನಿನ್ನೆ ನಮ್ಮ ಮನೆಗೆ ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಇವತ್ತೂ ಇಷ್ಟು ಹೊತ್ತಾದರೂ ಬಂದಿಲ್ಲ. ಹತ್ತೊಂಬತ್ತು ವರ್ಷ ಹೊರಗಿಟ್ಟವಳು ಮೂರು ದಿನಕ್ಕೆ ಲೆಕ್ಕ ಕೇಳಬಾರದು. ಅವಳು ಬರಲಿ, ಬಿಡಲಿ, ಮಗ ಮಾತಾಡಲಿ, ಬಿಡಲಿ. ಕಟ್ಟು ತೆಗೆದದ್ದು ತೆಗೆದಾಯಿತು.